ಕುಂಕುಮದ ಚುಕ್ಕಿ ಮತ್ತು ಕಂಡಕ್ಟರನ ಎಡಗಾಲು

ನನಗೆ ಎರಡು ಕೆಟ್ಟ ಗುಣಗಳಿವೆ. ಒಂದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇನ್ನೊಂದು, ಯಾರು ಏನೇ ಕೇಳಲಿ, ತಲೆ ಯೋಚನೆ ಮಾಡುವ ಮೊದಲೇ ಬಾಯಿ ‘ಹೌದ್ರಿ’ ಎಂದುಬಿಡುತ್ತದೆ. ಸಿಟ್ಟಿನಿಂದ ಇದುವರೆಗೆ ಯಾರಿಗೂ ಹಾನಿಯಾಗಿಲ್ಲ. ಬೈಸಿಕೊಂಡವರು ಮರುದಿನ ಬಂದು ನನ್ನ ಕೈಯಿಂದಲೇ ಚಹಾ ಕುಡಿದು ಹೋಗಿದ್ದಾರೆ. ಆದರೆ ಒಂದೇ ಒಂದು ‘ಹೌದ್ರಿ’ ಒಬ್ಬ ಕುಣಿಯುವ ಮನುಷ್ಯನ ಕಾಲನ್ನು ನುಂಗಿ ನೀರು ಕುಡಿಯುವುದರಲ್ಲಿತ್ತು.

ಮುದ್ದೇಬಿಹಾಳದಲ್ಲಿ ಒಬ್ಬ ಎಲುಬಿನ ಡಾಕ್ಟರ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಹುಟ್ಟಿದ್ದು ಸಿಂದಗಿ, ಕೊಟ್ಟದ್ದು ಇಲ್ಲಿಗೆ. ಇಪ್ಪತ್ತೈದು ವರ್ಷದಿಂದ ಈ ಊರಿನವರ ಎಲುಬು ನೋಡುತ್ತಿದ್ದೇನೆ. ಮಾರಿಗಿಂತ ಮೊಣಕಾಲಿನ ಗುರುತೇ ನನಗೆ ಹೆಚ್ಚು. ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವರು. ನಗೆಚಾಟಿಕೆಯ ಮನುಷ್ಯ. ನನ್ನನ್ನು ‘ಬಾಯಾರ’ ಎಂದು ಕರೆಯುತ್ತಾರೆ. ಅವರಿಗೆ ಬೈಯಲು ಮಾತ್ರ ನನಗೆ ಇನ್ನೂ ಧೈರ್ಯ ಬಂದಿಲ್ಲ.

ನಮ್ಮ ಕೋಣೆಯಲ್ಲಿ ಎರಡು ಕ್ಯಾಸೆಟ್ ಇವೆ, ಒಂದು ದೊಡ್ಡದು, ಒಂದು ಸಣ್ಣದು. ಕ್ಯಾಸೆಟ್ ಎಂದರೆ ಚಪ್ಪಟೆ ಡಬ್ಬಿ, ಪುಸ್ತಕದಂತೆ ತೆರೆಯುತ್ತದೆ, ಒಳಗೆ ಚಿತ್ರ ಹಿಡಿಯುವ ಹಾಳೆ ಇರುತ್ತದೆ. ಬಂದವರೆಲ್ಲ ಅದಕ್ಕೆ ‘ಪ್ಲೇಟ್’ ಅನ್ನುತ್ತಾರೆ. ಅದರ ಮೇಲೆ ಕೈಯೋ ಕಾಲೋ ಇಟ್ಟರೆ, ಮೇಲಿನಿಂದ ಮಷಿನು ತನ್ನ ಕೆಲಸ ಮಾಡುತ್ತದೆ. ಮಹಾನವಮಿಗೆ ನಾನು ಮಷಿನಿಗೂ ಈ ಪ್ಲೇಟುಗಳಿಗೂ ಪೂಜೆ ಮಾಡುತ್ತೇನೆ. ಊರಲ್ಲಿ ಟ್ರ್ಯಾಕ್ಟರಿಗೆ, ತಕ್ಕಡಿಗೆ, ಹೊಲಿಗೆ ಮಷಿನಿಗೆ ಎಲ್ಲಕ್ಕೂ ಮಾಡುತ್ತಾರೆ, ನಮ್ಮ ಮಷಿನು ಏನು ಪಾಪ ಮಾಡಿದೆ?

ಈ ಕತೆ ನಡೆದ ಹಿಂದಿನ ವರ್ಷದ ಮಹಾನವಮಿಯಲ್ಲಿ ನನಗೊಂದು ವಿಚಾರ ಬಂತು. ಪ್ಲೇಟಿನ ಹೊರಗೆ ವಿಭೂತಿ ಹಚ್ಚಿ ಕುಂಕುಮ ಇಟ್ಟರೆ ಮುಗಿಯಿತೇ? ಕೆಲಸ ನಡೆಯುವುದು ಒಳಗೆ. ದೇವರ ಕೋಣೆಯ ಬಾಗಿಲಿಗೆ ಕುಂಕುಮ ಹಚ್ಚಿ ದೇವರನ್ನು ಹಾಗೇ ಬಿಡುತ್ತೇವೆಯೇ? ದೊಡ್ಡ ಪ್ಲೇಟು ತೆರೆದು ಒಳಗಿನ ಹಾಳೆಗೂ ಒದ್ದೆ ಬೆರಳಿನಿಂದ ಒಂದು ಬೊಟ್ಟು ಇಟ್ಟೆ. ಕೈ ಮುಗಿದೆ. ಮರುದಿನದಿಂದ ಆ ಪ್ಲೇಟಿನಲ್ಲಿ ಯಾರ ಎಲುಬು ತೆಗೆದರೂ ಒಂದು ಬಿಳಿ ಚುಕ್ಕಿ. ತೊಡೆಯಲ್ಲಿ ಚುಕ್ಕಿ, ಬೆನ್ನಲ್ಲಿ ಚುಕ್ಕಿ, ಭುಜದಲ್ಲಿ ಚುಕ್ಕಿ. ಒರೆಸಿದರೂ ಹೋಗಲಿಲ್ಲ. ಕುಂಕುಮ ಹಾಳೆಗೆ ಕಚ್ಚಿಕೊಂಡಿತ್ತು. ಹೊರಗೆ ಹಚ್ಚಿದ್ದು ಚಿತ್ರದಲ್ಲಿ ಬೀಳುವುದಿಲ್ಲ, ಇದು ಬಿತ್ತು.

ಡಾಕ್ಟರಿಗೆ ಅಂಜುತ್ತ ಅಂಜುತ್ತ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅದೊಂದು ದಿನದ ಚೇಷ್ಟೆಯಾಯಿತು. ಫಿಲ್ಮನ್ನು ಬೆಳಕಿಗೆ ಹಿಡಿದು ಚುಕ್ಕಿ ಕಂಡ ಕೂಡಲೇ, “ಏನ್ ಬಾಯಾರ, ಇದು ನಿಮ್ಮ ಮಹಾನವಮಿ ಕುಂಕುಮ ಏನು?” ಅನ್ನುವರು. ನಾನು “ಹೌದ್ರಿ” ಅನ್ನುವೆ. ಇಬ್ಬರೂ ನಗುವೆವು. ಒಂಬತ್ತು ತಿಂಗಳು ಹೀಗೇ ನಡೆಯಿತು.

ಮೊಹರಮ್ ಹತ್ತಿರ ಬಂದಿತ್ತು. ಮುಂಗಾರು ಒಂದೆರಡು ಬಾರಿ ಬಿದ್ದು, ಮಂದಿ ತೊಗರಿ ಬಿತ್ತನೆಯ ಗಡಿಬಿಡಿಯಲ್ಲಿದ್ದರು. ಒಂದು ಮಧ್ಯಾಹ್ನ ಖಾಕಿ ಅಂಗಿಯ ಒಬ್ಬ ಮನುಷ್ಯ ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ನಮ್ಮ ಮೆಟ್ಟಿಲು ಹತ್ತಿ ಬಂದ. ಇಂಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮೂವತ್ತೆಂಟು ನಲವತ್ತರ ವಯಸ್ಸು, ಸಪೂರ ಮೈ, ಕಿವಿಯ ಮೇಲೆ ಪೆನ್ನು. ಸಿಂದಗಿಗೆ ತವರಿಗೆ ಹೋಗುವಾಗ ಅವನ ಬಸ್ಸಿನಲ್ಲಿ ಕುಳಿತಿದ್ದೇನೆ. ಎಷ್ಟೇ ರಶ್ ಇದ್ದರೂ ಯಾರ ಕಾಲೂ ತುಳಿಯದೆ, ಕಂಬವನ್ನೂ ಹಿಡಿಯದೆ ನಡೆಯುವ ಅವನ ನಡಿಗೆ ನನಗೆ ನೆನಪಿತ್ತು.

“ಏನಾತಪಾ ತಮ್ಮಾ?” ಅಂದೆ.

“ಹೆಜ್ಜಿ ಹಾಕೂಮುಂದ ಕಾಲು ಮಡಚೇತ್ರಿ ಅಕ್ಕಾರ,” ಅಂದ.

ಅವನದು ಲಚ್ಯಾಣದ ಕಡೆಯ ಹಳ್ಳಿ. ಅವನ ಅಪ್ಪ ಊರಿನ ಹೆಜ್ಜೆ ಮೇಳದ ಮುಂದಾಳು, ಅಪ್ಪನ ನಂತರ ಇವನು. ಹೆಜ್ಜೆ ಮೇಳ ನೋಡದವರಿಗೆ ಹೇಳಬೇಕೆಂದರೆ, ಮೊಹರಮ್ಮಿಗೆ ನಮ್ಮ ಊರುಗಳಲ್ಲಿ ದೇವರು ಕೂರಿಸುವ ಜಾಗದ ಮುಂದೆ ಒಂದು ಗುಂಡನೆಯ ಕುಣಿ ತೋಡುತ್ತಾರೆ. ಅದಕ್ಕೆ ಅಲಾಯಿ ಕುಣಿ ಅನ್ನುತ್ತಾರೆ. ಅದರ ಸುತ್ತ ಗಂಡಸರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಪದ ಹಾಡುತ್ತ ಕುಣಿಯುತ್ತಾರೆ. ಮುಂದಾಳು ಮೇಲಕ್ಕೆ ಹಾರಿ ಬೆರಳ ಮೇಲೆ ಇಳಿದು ಗರ್ರನೆ ತಿರುಗಿದರೆ, ಹಿಂದಿನ ಹದಿನೈದು ಇಪ್ಪತ್ತು ಜನ ಹಾಗೇ ತಿರುಗುತ್ತಾರೆ. ಮೇಳದಲ್ಲಿ ಯಾವ ಜಾತಿಯವರು ಎಂದು ಕೇಳಬಾರದು, ಎಲ್ಲರೂ ಇರುತ್ತಾರೆ. ಇವರ ಮೇಳ ಹಿಂದಿನ ದಿನ ತಾಲೀಮು ಮಾಡುವಾಗ, ಹೊಸದಾಗಿ ತೋಡಿದ ಕುಣಿಯ ಅಂಚಿನ ಮೇಲೆ ಇವನ ಎಡಗಾಲಿನ ಬೆರಳು ಇಳಿದಿವೆ, ಹಿಮ್ಮಡಿ ಮೇಲೇ ಉಳಿದಿದೆ. ಇಡೀ ಮೈಭಾರ ಕಾಲಿನ ನಟ್ಟನಡುವೆ ಬಿದ್ದು ಪಾದ ಮಡಚಿದೆ.

ಕಾಲು ನೋಡಿದರೆ ಕಾಣುವುದೇನು? ಅರಿಶಿನ ಸುಣ್ಣ ಕಲಸಿ ಪಾದಕ್ಕೆ, ಅಂಗಾಲಿಗೆ, ಹಿಮ್ಮಡಿಗೆ ದಪ್ಪಗೆ ಮೆತ್ತಿದ್ದರು. ಒಣಗಿ ಕೆಂಪಗೆ ಗಾರೆಯಾಗಿತ್ತು. “ಇದು ಕಾಲೋ ಗ್ವಾಡಿಯೋ?” ಎಂದು ರೇಗಿದೆ. ಅವನು ನಕ್ಕ. ತೊಳೆಯಲು ಹೋದರೆ, “ಎವ್ವಾ, ನೀವು ಹಿರ್‍ಯಾರು, ನನ್ನ ಕಾಲು ಮುಟ್ಟಬ್ಯಾಡ್ರಿ,” ಎಂದು ಕಾಲು ಎಳೆದುಕೊಂಡ. ಹೊರಗೆ ಮಂದಿ ಕಾಯುತ್ತಿದ್ದರು. ಆಯಿತು ಬಿಡು ಎಂದು ಮೆತ್ತಿದ್ದನ್ನು ಹಾಗೇ ಬಿಟ್ಟು, ಮೇಜಿನ ಮೇಲೆ ಮಲಗಿಸಿ, ಕಾಲ ಕೆಳಗೆ ಪ್ಲೇಟ್ ಇಟ್ಟು ಫಿಲ್ಮ್ ತೆಗೆದೆ.

ಡಾಕ್ಟರು ಫಿಲ್ಮ್ ನೋಡಿದರು. ಎಲುಬೆಲ್ಲ ಸಾಲಾಗಿ ನೆಟ್ಟಗೆ ಇದ್ದವು. ಹೆಬ್ಬೆರಳಿನ ಉದ್ದ ಎಲುಬಿನ ಬುಡಕ್ಕೂ ಪಕ್ಕದ ಎಲುಬಿನ ಬುಡಕ್ಕೂ ನಡುವೆ ಅಕ್ಕಿ ನುಚ್ಚಿನಷ್ಟು ಒಂದು ಬಿಳಿ ಚುಕ್ಕಿ ಇತ್ತು.

“ಏನ್ ಬಾಯಾರ, ಮಹಾನವಮಿ ಕುಂಕುಮ ಏನು?”

“ಹೌದ್ರಿ,” ಅಂದೆ.

ನಕ್ಕೆವು. ಕಂಡಕ್ಟರ್ ಏನೆಂದು ಕೇಳಿದ, ಪ್ಲೇಟಿನ ಪೂಜೆಯ ಕತೆ ಹೇಳಿದೆ, ಅವನೂ ನಕ್ಕ. ಡಾಕ್ಟರು ಉಳುಕು ಎಂದು ಬರೆದು ಪಟ್ಟಿ ಸುತ್ತಿಸಿದರು. “ಸರ, ಇನ್ನ ನಾಕು ದಿನಕ್ಕ ಕಡೀ ದಿನ ಐತ್ರಿ. ಕುಣೀಬಹುದೇನ್ರಿ?” ಎಂದು ಅವನು ಕೇಳಿದ. ಆ ಮಾತು ಕೇಳುವಾಗ ಅವನ ಧ್ವನಿ ಸಣ್ಣದಾಗಿತ್ತು. “ಬ್ಯಾನಿ ಕಡಿಮಿ ಆದ್ರ ಪಟ್ಟಿ ಬಿಗದು ಕಟಗೊಂಡು ಕುಣಿಯಪಾ,” ಅಂದರು ಡಾಕ್ಟರು. ಅವನ ಮುಖ ನೋಡಬೇಕಿತ್ತು. ಬರುವಾಗ ಕುಪ್ಪಳಿಸುತ್ತ ಬಂದವನು ಹೋಗುವಾಗ ಕುಂಟುತ್ತ ನಡೆದೇ ಹೋದ.

ಮರುದಿನ ಮುಂಜಾನೆ ಮೊದಲು ಬಂದದ್ದು ಒಬ್ಬ ಅಜ್ಜಿ, ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಿದ್ದಳು. ಸಣ್ಣ ಪ್ಲೇಟಿನ ಮೇಲೆ ಕೈ ಇಡಿಸಿ ತೆಗೆದೆ. ಫಿಲ್ಮ್ ಬಂತು. ಮುರಿದದ್ದು ಸ್ಪಷ್ಟವಾಗಿತ್ತು. ಚುಕ್ಕಿ ಇರಲಿಲ್ಲ. ಇರುವುದಾದರೂ ಹೇಗೆ, ಕುಂಕುಮ ಇಟ್ಟಿದ್ದು ದೊಡ್ಡ ಪ್ಲೇಟಿಗೆ. ಕೈ ಕಾಲಿಗೆ ನಾನು ಬಳಸುವುದು ಸಣ್ಣದು. ಕಂಡಕ್ಟರನ ಪಾದವನ್ನೂ ಇಟ್ಟಿದ್ದು ಸಣ್ಣದರ ಮೇಲೇ.

ಅಜ್ಜಿಯ ಮುಂದೆಯೇ, “ಅಯ್ಯ ಶಿವನೇ, ನನ್ನ ಬಾಯಿಗಿಷ್ಟು ಮಣ್ಣ ಹಾಕ,” ಎಂದು ಕುರ್ಚಿಯ ಮೇಲೆ ಕುಸಿದೆ. ತನ್ನ ಕೈಗೆ ಏನೋ ದೊಡ್ಡ ಗಂಡಾಂತರ ಬಂದಿದೆ ಎಂದು ಅಜ್ಜಿ ಅಳಲು ಶುರು ಮಾಡಿದಳು. ಅವಳನ್ನು ಸಮಾಧಾನ ಮಾಡಿ, ಕಂಪ್ಯೂಟರಿನಲ್ಲಿ ಹಿಂದಿನ ದಿನದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆ. ಅದು ಕುಂಕುಮವಲ್ಲ, ಎಲುಬಿನ ಚೂರು.

ಅಂದು ಡಾಕ್ಟರು ವಿಜಯಪುರಕ್ಕೆ ಹೋಗಿದ್ದರು. ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಚೂರು ಎಲ್ಲಿದೆ ಎಂದು ಎರಡು ಸಲ ಕೇಳಿದರು. ಆಮೇಲೆ, “ನಂದೂ ತಪ್ಪು ಬಾಯಾರ. ನಾ ಅಂಗಾಲು ನೋಡಬೇಕಾಗಿತ್ತು,” ಅಂದರು. ಪಾದದ ನಡುವಿನ ಕೀಲುಗಳ ವಿಷಯ ಅವರೇ ನನಗೆ ಹಿಂದೆ ಹೇಳಿಕೊಟ್ಟಿದ್ದರು. ವಿಜಯಪುರದ ಹಳೆಯ ಕಟ್ಟಡಗಳ ಕಮಾನಿನಲ್ಲಿ ಕಲ್ಲಿಗೆ ಕಲ್ಲು ಒತ್ತಿ ನಿಲ್ಲುವಂತೆ ಅಲ್ಲಿ ಎಲುಬಿಗೆ ಎಲುಬು ಒತ್ತಿ ನಿಂತಿವೆ. ಎರಡನೆಯ ಬೆರಳಿನ ಎಲುಬು ನಡುವಿನ ಬೆಣೆಕಲ್ಲು. ಅದನ್ನು ಬಿಗಿದ ನಾರು ಹರಿಯುವಾಗ ಕೆಲವೊಮ್ಮೆ ಎಲುಬಿನ ಸಣ್ಣ ಚೂರನ್ನು ಕಿತ್ತುಕೊಂಡು ಬರುತ್ತದೆ. ಮಲಗಿಸಿ ತೆಗೆದರೆ ಎಲ್ಲ ನೆಟ್ಟಗೆ ಕಾಣುತ್ತದೆ, ಭಾರವೇ ಇಲ್ಲವಲ್ಲ. ನಿಲ್ಲಿಸಿ ತೆಗೆದರೆ ಮಾತ್ರ ಸಂದು ಬಾಯಿ ಬಿಡುತ್ತದೆ.

“ಎರಡೂ ಕಾಲಿನ ಮ್ಯಾಲೆ ನಿಂದರಿಸಿ ತಗೀರಿ. ಚಲೋ ಕಾಲಿನ ಜೋಡಿ ಹೋಲಿಸಿ ನೋಡಬೇಕು. ಆ ಮನಷ್ಯಾ ಮಾತ್ರ ಕುಣೀಬಾರದು. ಅದರ ಮ್ಯಾಲೆ ಕುಣದನಂದ್ರ ಕಾಲಿನ ಕಮಾನು ಕುಸೀತೈತಿ. ಆಮ್ಯಾಲೆ ಹೆಜ್ಜಿ ದೂರ ಉಳೀತು, ಬಸ್ಸಿನ ಮೆಟ್ಟಲಾ ಏರೂದೂ ತ್ರಾಸ.”

ಕಂಡಕ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಹತ್ತು ಸಲ ಮಾಡಿದೆ. ಡ್ಯೂಟಿ ಮೇಲೆ ಅವರು ಎತ್ತುವುದಿಲ್ಲ. ಬಸ್ ಸ್ಟ್ಯಾಂಡಿಗೆ ಓಡಿದರೆ ಬಾಗೇವಾಡಿ, ಸಿಂದಗಿ ಮೇಲೆ ಇಂಡಿಗೆ ಹೋಗುವ ಅವನ ಬಸ್ಸು ಆಗಲೇ ಹೊರಟಿತ್ತು. ಬಾಗೇವಾಡಿಯಲ್ಲಿ ಚಹಾಕ್ಕೆ ನಿಲ್ಲುತ್ತದೆಂದು ಗೊತ್ತಿತ್ತು. ಹಿಂದೆಯೇ ಒಂದು ನಾನ್‌ಸ್ಟಾಪ್ ಬಸ್ಸು ಹೊರಡುವುದರಲ್ಲಿತ್ತು. ಎಕ್ಸ್‌ರೇ ಫಿಲ್ಮ್ ಕಂಕುಳಲ್ಲಿ, ಕಾಲಲ್ಲಿ ದವಾಖಾನೆಯ ಸ್ಲಿಪ್ಪರ್, ಹಾಗೇ ಹತ್ತಿದೆ. ದಾರಿಯುದ್ದಕ್ಕೂ ಆ ಡ್ರೈವರನಿಗೆ ‘ಜೋರ್ ಬಿಡಪಾ ಜೋರ್ ಬಿಡು’ ಎಂದು ಪೀಡಿಸಿದೆ. “ಅಕ್ಕಾರ, ಇಲ್ಲೇ ಬಂದು ನೀವ ಹೊಡೀರಿ,” ಎಂದು ಅವನು ಸೀಟು ಬಿಟ್ಟು ಏಳುವಂತೆ ಮಾಡಿದ.

ಬಸವನ ಬಾಗೇವಾಡಿ ಸ್ಟ್ಯಾಂಡಿನಲ್ಲಿ ನಾನು ಇಳಿಯುವುದಕ್ಕೂ ಅವನ ಬಸ್ಸು ಚಾಲೂ ಆಗುವುದಕ್ಕೂ ಸರಿ ಹೋಯಿತು. ಕೈ ಬೀಸುತ್ತ, ಕೂಗುತ್ತ ಓಡಿದೆ. ಐವತ್ತೆರಡರ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು ಕಂಡು ಇಡೀ ಬಸ್ಸೇ ‘ನಿಂದರಸ್ರಿ ನಿಂದರಸ್ರಿ’ ಎಂದಿತು. ಹತ್ತಿ ಕಂಬ ಹಿಡಿದು ಏದುಸಿರು ಬಿಡುತ್ತಿದ್ದರೆ, ಅವನು ಕುಂಟುತ್ತ ಬಂದು, ಮಾರಿ ಸಹ ನೋಡದೆ, “ಆಧಾರ ಕಾರ್ಡ್ ತೋರಸ್ರಿ,” ಅಂದ. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆದರೆ ಕಾರ್ಡ್ ತೋರಿಸಿ ಚೀಟಿ ತೆಗೆದುಕೊಳ್ಳಬೇಕು. ಅದು ಮನೆಯಲ್ಲಿತ್ತು. ಬಂದ ಬಸ್ಸಿನಲ್ಲಿ ಆ ಕಂಡಕ್ಟರನ ಜೊತೆ ಜಗಳಾಡಿ ಪಾರಾಗಿದ್ದೆ. ಈಗ ಕೈಯಲ್ಲಿದ್ದದ್ದನ್ನೇ ಅವನ ಮೂಗಿಗೆ ಹಿಡಿದೆ.

“ಇದಾ ನನ್ನ ಆಧಾರ. ನಿನ್ನ ಎಲುಬು ಮುರದೈತಿ, ಕುಂದರ ಕೆಳಗ!”

ಅವನು ಪಿಳಿಪಿಳಿ ನೋಡಿದ. “ಅಕ್ಕಾರ! ನಿನ್ನೆ ಉಳುಕು ಅಂದ್ರಲ್ರೀ?”

ಇಲ್ಲಿ ನಾನು ಖರೆ ಹೇಳಬೇಕಿತ್ತು. ಐವತ್ತು ಜನ ಬಾಯಿ ತೆರೆದು ನೋಡುತ್ತಿದ್ದರು. “ನಿನ್ನೆ ನಿನ್ನ ಮಲಗಿಸಿ ತಗದಿದ್ದೆ. ಮಲಗಿಸಿದ್ರ ಕಾಣೂದಿಲ್ಲ. ನಿಂದರಿಸಿ ತಗೀಬೇಕು,” ಅಂದೆ. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ನಾಲಿಗೆ ಅಷ್ಟಕ್ಕೇ ನಿಂತಿತು.

“ಬ್ಯಾನಿ ಕಡಿಮಿ ಐತ್ರಿ. ಮೂರು ದಿನ ಆದಮ್ಯಾಲೆ ಬರ್ತೇನಿ, ಹೆಜ್ಜಿ ಮುಗೀಲಿ.”

“ಅಂಗಾಲು ತೋರಸು.”

“ಛೇ, ಇಷ್ಟ ಮಂದ್ಯಾಗ ನಿಮಗ ಅಂಗಾಲು ತೋರಸಲೇನ್ರಿ? ಪಾಪ ಬರ್ತೈತಿ.”

ಅಲ್ಲಿಗೆ ನನ್ನ ಸಿಟ್ಟು ನೆತ್ತಿಗೇರಿತು. “ಪಾಪ ನನಗ ಬರ್ಲಿ, ಕಾಲು ಇಲ್ಲಿ ತಾ!” ಎಂದು ಕಿರುಚಿದೆ. ಮುಂದಿನ ಸೀಟಿನ ಇಬ್ಬರು ರೈತರು ಅವನ ರಟ್ಟೆ ಹಿಡಿದು ಕೂರಿಸಿಯೇಬಿಟ್ಟರು. ಯಾರೋ ನೀರಿನ ಬಾಟಲಿ ಕೊಟ್ಟರು. ಪಟ್ಟಿ ಬಿಚ್ಚಿ, ಕರವಸ್ತ್ರ ಒದ್ದೆ ಮಾಡಿ, ಅರಿಶಿನ ಸುಣ್ಣದ ಗಾರೆಯನ್ನು ಉಜ್ಜಿ ತೆಗೆದೆ. ಕೆಂಪು ಹೋದ ಮೇಲೆ ಅಡಿಯಲ್ಲಿ ಕಾಣಿಸಿತು. ಅಂಗಾಲಿನ ನಟ್ಟನಡುವೆ, ನೆಲ ತಾಗದ ಆ ಕಮಾನಿನ ಜಾಗದಲ್ಲಿ, ಬದನೆಕಾಯಿ ಬಣ್ಣದ ಕಲೆ. ಬರೀ ಉಳುಕಿಗೆ ಅಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ ಎಂದು ಡಾಕ್ಟರು ಎಷ್ಟೋ ಸಲ ಹೇಳಿದ್ದಾರೆ.

ಬಸ್ಸಿನಲ್ಲಿ ಎಲ್ಲರೂ ‘ಯಪ್ಪಾ’ ಎಂದರು. ಆಮೇಲೆ ಪಂಚಾಯಿತಿ ಶುರುವಾಯಿತು. ಇಳಿದು ವಾಪಸು ಹೋಗು ಎಂದರು ಕೆಲವರು. ಬಸ್ಸು ನಡುದಾರಿಯಲ್ಲಿ ಬಿಟ್ಟು ಹೇಗೆ ಹೋಗಲಿ ಎಂದ ಅವನು. ಕೊನೆಗೆ ಡ್ರೈವರನೇ ಹಿಂದೆ ತಿರುಗಿ ತೀರ್ಮಾನ ಕೊಟ್ಟ: “ಅಂವ ಅಲ್ಲೇ ಕಾಲ ಮ್ಯಾಲಿಟ್ಟು ಕುಂದರ್ಲಿ. ಟಿಕೀಟು ಬೇಕಾದವ್ರು ಅವನ ಹಂತ್ಯಾಕ ಬರ್ರಿ.” ಹಾಗೇ ಆಯಿತು. ಕಂಡಕ್ಟರ್ ಎರಡು ಸೀಟಿನ ಮೇಲೆ ಕಾಲು ನೀಡಿ ರಾಜನಂತೆ ಕೂತ. ಹಿಂದಿನ ಸೀಟಿನಿಂದ ಕಾರ್ಡುಗಳು, ಚಿಲ್ಲರೆ ಕೈಯಿಂದ ಕೈಗೆ ಮುಂದೆ ಬಂದವು, ಚೀಟಿಗಳು ಕೈಯಿಂದ ಕೈಗೆ ಹಿಂದೆ ಹೋದವು. ಒಬ್ಬಾಕೆ ಅವನ ಕಾಲಡಿ ತನ್ನ ಜೋಳದ ಚೀಲ ಇಟ್ಟಳು. ಸಿಂದಗಿಯಲ್ಲಿ ಹತ್ತಿದವರಿಗೆ ಬಾಗೇವಾಡಿಯವರು ಕತೆ ಹೇಳಿದರು, ಇಂಡಿ ಮುಟ್ಟುವ ಹೊತ್ತಿಗೆ ಮುರಿದ ಎಲುಬು ಒಂದಿದ್ದದ್ದು ಐದಾಗಿತ್ತು. ತವರೂರು ದಾಟಿ ಹೋದರೂ ನಾನು ಇಳಿಯಲಿಲ್ಲ. ಅವನ ಕಾಲು ನೆಲ ಮುಟ್ಟಿದರೆ ನೋಡು ಎಂದು ಎದುರಿಗೇ ಕೂತು, ಇಂಡಿಗೆ ಹೋಗಿ, ಅದೇ ಬಸ್ಸಿನಲ್ಲಿ ಸಂಜೆ ಮುದ್ದೇಬಿಹಾಳಕ್ಕೆ ಮರಳಿ ಕರೆತಂದೆ.

ಕೋಣೆಯಲ್ಲಿ ಸಣ್ಣ ಪ್ಲೇಟನ್ನು ನೆಲದ ಮೇಲೆ ಇಟ್ಟು, ಮೇಲೊಂದು ಗಟ್ಟಿ ಪಾರದರ್ಶಕ ಹಲಗೆ ಇಟ್ಟು, “ನಿಂದರಪಾ,” ಅಂದೆ. ಅವನು ಕೆಳಗೆ ನೋಡಿದ. ಹಲಗೆಯೊಳಗಿಂದ ಪ್ಲೇಟಿನ ಮೇಲಿನ ವಿಭೂತಿ, ಕುಂಕುಮ ಕಾಣುತ್ತಿದ್ದವು. ನಾನೇ ಪ್ರತಿ ಸೋಮವಾರ ಹೊಸದಾಗಿ ಹಚ್ಚುತ್ತೇನೆ.

“ಪೂಜಿ ಮಾಡಿದ್ದರ ಮ್ಯಾಲೆ ಕಾಲ ಇಡಲೇನ್ರಿ? ನನ್ನ ಕಡಿಂದ ಆಗೂದಿಲ್ರಿ.”

ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಇಪ್ಪತ್ತೈದು ವರ್ಷದಲ್ಲಿ ಯಾರನ್ನೂ ಪ್ಲೇಟಿನ ಮೇಲೆ ನಿಲ್ಲಿಸಲು ನಾನು ಹಟ ಹಿಡಿದಿರಲಿಲ್ಲ. ಯಾರೂ ತುಳಿಯಲು ಒಪ್ಪುವುದಿಲ್ಲ, ನನಗೂ ಮನಸ್ಸಿಗೆ ಬರುವುದಿಲ್ಲ. ಅದಕ್ಕೇ ಎಲ್ಲರನ್ನೂ ಮಲಗಿಸಿಯೇ ತೆಗೆಯುತ್ತ ಬಂದಿದ್ದೆ. ನಮ್ಮ ಭಕ್ತಿ ಎಷ್ಟು ಜನರ ಪಾದದ ಸಂದನ್ನು ಮುಚ್ಚಿಟ್ಟಿತೋ ಏನೋ.

“ಅಲ್ಲೋ ತಮ್ಮಾ, ಕುಣಿಯೂ ಮುಂಚೆ ನೆಲಕ್ಕ ಏನ್ ಮಾಡ್ತಿ?”

“ಮುಟ್ಟಿ ಕಣ್ಣಿಗೆ ಒತ್ತಗೋತೇನ್ರಿ.”

“ಆಮ್ಯಾಲೆ?”

ಅವನು ಮೆಲ್ಲಗೆ ಬಗ್ಗಿ, ಪ್ಲೇಟು ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡ. ಗೋಡೆ ಹಿಡಿದು ಎರಡೂ ಪಾದ ಅದರ ಮೇಲೆ ಇಟ್ಟು ನೆಟ್ಟಗೆ ನಿಂತ. ನೋವಿಗೆ ತುಟಿ ಕಚ್ಚಿದ್ದ. ಮಷಿನು ಹೊಡೆದೆ.

ಬಲಗಾಲಿನಲ್ಲಿ ಎರಡು ಎಲುಬು ಒಂದಕ್ಕೊಂದು ಒತ್ತಿ ನಿಂತಿದ್ದವು. ಎಡಗಾಲಿನಲ್ಲಿ ಅವೇ ಎರಡರ ನಡುವೆ ಬೆರಳಿನ ಉಗುರು ಹಿಡಿಸುವಷ್ಟು ಸಂದು. ಚೂರು ಆ ಸಂದಿನಲ್ಲೇ ಕೂತಿತ್ತು. ಅಷ್ಟರಲ್ಲಿ ಡಾಕ್ಟರೂ ಬಂದರು. ನಗಲಿಲ್ಲ, ಕುಂಕುಮದ ಮಾತೂ ಆಡಲಿಲ್ಲ. ವಿಜಯಪುರದಲ್ಲಿ ಆಪರೇಷನ್ ಮಾಡಿ ಸ್ಕ್ರೂ ಹಾಕಬೇಕು, ಎರಡು ತಿಂಗಳು ಕಾಲು ಊರಬಾರದು ಎಂದು ತಿಳಿಸಿ ಹೇಳಿದರು.

“ಹಂಗಂದ್ರ ಈ ವರ್ಷ ಇಲ್ರಿ?” ಅಂದ ಅವನು.

“ಈ ವರ್ಷ ಇಲ್ಲ. ಈ ವರ್ಷ ಕುಣದ್ರ ಇನ್ನ ಎಂದೂ ಇಲ್ಲ.”

ದೊಡ್ಡ ಮನುಷ್ಯ, ಮೇಜಿನ ಅಂಚಿಗೆ ಕೂತು ಅತ್ತುಬಿಟ್ಟ. ನನಗೂ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಎದ್ದು, ನೆಲದ ಮೇಲಿದ್ದ ಪ್ಲೇಟಿಗೆ ಕೈ ಮುಗಿದ. “ಇನ್ನ ಎಂದೂ ಇಲ್ಲ ಅನ್ನೂದು ತಪ್ಪೇತಲ್ರಿ, ಅಷ್ಟ ಸಾಕು. ಅಕ್ಕಾರ, ನಿಮ್ಮ ಕುಂಕುಮದ ಪ್ಲೇಟಾ ನನ್ನ ಉಳಿಸಿದ್ದು. ಹೌದಲ್ರೀ?”

“ಹೌದು,” ಅಂದೆ. ಇದು ನನ್ನ ಎರಡನೆಯ ಹೌದು. ಈ ಸಲ ತಲೆ ಯೋಚನೆ ಮಾಡಿಯೇ ಇತ್ತು, ಆದರೂ ಬಾಯಿಗೆ ಬೇರೆ ಮಾತು ಬರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅವನ ಎಡಗಾಲು ನಡೆಯಲು ಕಲಿಯಿತು, ಬಸ್ಸಿಗೂ ಮರಳಿದ. ನನ್ನ ಸಂಕಟ ಬೇರೆ ರೀತಿ ಬೆಳೆಯಿತು. ಇಂಡಿ ತಾಲೂಕಿನಿಂದ, ಸುತ್ತಲಿನ ತಾಲೂಕುಗಳಿಂದ ಮಂದಿ ಬರಲು ಶುರು ಮಾಡಿದರು. ಹೆಜ್ಜೆ ಮೇಳದವರು, ಕೋಲಾಟದವರು, ಸಿಂದಗಿಯಲ್ಲಿ ಭರತನಾಟ್ಯ ಕಲಿಯುವ ಹುಡುಗಿಯರು, ಮುಳವಾಡದಿಂದ ಒಬ್ಬ ಡೊಳ್ಳಿನವನು. ಅಷ್ಟು ದೂರದಿಂದ, ನಡುವಿನ ನಾಲ್ಕು ಎಕ್ಸ್‌ರೇ ಕೋಣೆ ದಾಟಿ, ನಮ್ಮಲ್ಲಿಗೇ. ಬಂದವರು, “ಆ ಕುಂಕುಮದ ಪ್ಲೇಟಿನ ಮ್ಯಾಲೆ ನಿಂದರಿಸಿ ತಗೀರಿ ಅಕ್ಕಾರ,” ಅನ್ನುವರು. ಯಾರೂ ಹೇಳದೆಯೇ ಬಗ್ಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹತ್ತಿ ನಿಲ್ಲುವರು. ಇಬ್ಬರಿಗೆ ಅಂಥದೇ ಸಂದು ಸಿಕ್ಕಿತು, ವೇಳೆಗೆ ಸರಿಯಾಗಿ. ಒಬ್ಬಾಕೆ ಪ್ಲೇಟಿಗೆ ಊದುಬತ್ತಿ ತಂದಿದ್ದಳು. ಡಾಕ್ಟರು ನನ್ನ ಮುಖ ನೋಡಿ ಮುಗುಳ್ನಗುವರು, ಏನೂ ಅನ್ನುವುದಿಲ್ಲ. ಹೆಸರು ನನಗೆ, ಒಳಗೆ ಮುಳ್ಳು ಚುಚ್ಚುವುದೂ ನನಗೆ. ಯಾವ ಕುಂಕುಮದ ನೆಪದಿಂದ ಅವನ ಕಾಲು ಹೋಗುವುದರಲ್ಲಿತ್ತೋ ಅದೇ ಕುಂಕುಮಕ್ಕೆ ಊದುಬತ್ತಿ!

ಮುಂದಿನ ಮೊಹರಮ್ ಬಂತು. ಅವನೇ ಬಂದು ಕರೆದ. ಕಡೆಯ ದಿನ ಮಧ್ಯಾಹ್ನ ನಾನೂ ಡಾಕ್ಟರೂ ಹೋದೆವು. ಮೋಡ ಮುಚ್ಚಿ ಹದವಾದ ತಂಪಿತ್ತು. ಹಿಂದಿನ ವರ್ಷ ಪಟ್ಟಿ ಸುತ್ತಿದ ಕಾಲು ನೀಡಿ ಅವನು ಕುರ್ಚಿಯ ಮೇಲೆ ಕೂತು ಬರೀ ಪದ ಹಾಡಿದ್ದನಂತೆ. ಈ ವರ್ಷ ಬಿಳಿ ಧೋತರ ಉಟ್ಟು, ಗೆಜ್ಜೆ ಕಟ್ಟಲು ಕಟ್ಟೆಯ ಮೇಲೆ ಕೂತಿದ್ದ. ನಮಗೆ ಮೊಹರಮ್ಮಿನ ಸಿಹಿ ರೊಟ್ಟಿ ಚೋಂಗೆ, ಶರಬತ್ತು ತರಿಸಿದ. ಚೋಂಗೆಯನ್ನು ಪಕ್ಕಕ್ಕಿಟ್ಟೆ. ಅವನು ಆ ಕಾಲಿನ ಮೇಲೆ ಹಾರುವ ಮೊದಲು ಹೇಳಲೇಬೇಕು ಅನ್ನಿಸಿತು. ಡಾಕ್ಟರು ಅತ್ತ ಹಿರಿಯರ ಜೊತೆ ಮಾತಾಡುತ್ತಿದ್ದರು.

“ತಮ್ಮಾ, ಒಂದು ಮಾತು ಐತಿ. ಆ ಪ್ಲೇಟು ನಿನ್ನ ಉಳಿಸಲಿಲ್ಲೋ. ಮೊದಲನೇ ದಿನಾನ ನಿನ್ನ ಎಲುಬಿನ ಚೂರು ಫಿಲ್ಮಿನ್ಯಾಗ ಕಾಣಸ್ತಿತ್ತು. ಡಾಕ್ಟರು ಕುಂಕುಮ ಏನು ಅಂತ ಕೇಳಿದ್ರು. ನಾ ನೋಡ್ಲಿಲ್ಲ, ವಿಚಾರ ಮಾಡ್ಲಿಲ್ಲ, ಹೌದ್ರಿ ಅಂದ್ಬಿಟ್ಟೆ. ತಪ್ಪು ನಂದು. ಅದನ್ನ ಮುಚ್ಚಿಟಗೊಂಡು ವರ್ಷಪೂರ್ತಿ ಹೊಗಳಿಸಿಕೊಂಡೆ.”

ಅವನು ಗೆಜ್ಜೆಯ ದಾರ ಬಿಗಿಯುತ್ತಲೇ ಇದ್ದ. “ನನಗ ಗೊತ್ತಿತ್ತಲ್ರೀ ಅಕ್ಕಾರ,” ಅಂದ.

“ಏನ್ ಗೊತ್ತಿತ್ತು?”

“ಬಾಗೇವಾಡ್ಯಾಗ ನೀವು ಬಸ್ ಹತ್ತಿದಾಗಾನ ಗೊತ್ತಾತ್ರಿ, ಹಿಂದಿನ ದಿನ ಚುಕ್ಕಿ ನೋಡಿ ನಕ್ಕಿದ್ದು ನೆನಪಿತ್ತು. ಹದಿನಾಲ್ಕು ವರ್ಷ ಆತು ಬಸ್ಸಿನ್ಯಾಗ ಮಂದಿ ಮಾರಿ ನೋಡಾಕತ್ತು. ಟಿಕೀಟ್ ತಗೊಳ್ಳದವರ ಮಾರಿ ಹೆಂಗಿರ್ತೈತಿ ಅಂತ ನನಗ ಗೊತ್ತಿಲ್ಲೇನ್ರಿ? ಅವರಾ ಎಲ್ಲಾರಕಿಂತ ಜೋರ್ ಒದರತಾರ. ನೀವು ಹಂಗಾ ಒದರಾಕತ್ತಿದ್ರಿ.” ಅವನು ತಲೆ ಎತ್ತಿ ನಕ್ಕ. “ಆದ್ರ ಟಿಕೀಟ್ ಇಲ್ಲದವರು ನನ್ನ ಕಂಡು ಇಳದು ಓಡತಾರ್ರಿ. ಓಡಿ ಬಂದು ಹತ್ತಿದವರು ನೀವೊಬ್ಬರಾ.”

ಸೆರಗಿನಿಂದ ಕಣ್ಣೊರೆಸಿಕೊಂಡೆ.

“ಮತ್ತ ಊರೂರಿಗೆ ಕುಂಕುಮದ ಪ್ಲೇಟು, ಕುಂಕುಮದ ಪ್ಲೇಟು ಅಂತ ಯಾಕ ಸಾರಿಕೊಂಡು ಬಂದ್ಯೋ?” ಎಂದೆ, ಅಳುತ್ತಲೇ ಸಿಟ್ಟು ಮಾಡುತ್ತ.

“ಮಿಷಿನ್ ಮ್ಯಾಲೆ ಹತ್ತಿ ನಿಂದರ್ರಿ ಅಂದ್ರ ನಮ್ಮ ಮಂದಿ ಯಾರು ನಿಂದರ್ತಾರ್ರಿ? ಮುಟ್ಟಿ ನಮಸ್ಕಾರ ಮಾಡಿ ನಿಂದರ್ರಿ ಅಂದೆ, ನಿಂತ್ರು. ಕಾಲು ಉಳದ್ವು, ಹೌದಲ್ರೀ?”

ಈ ಸಲ ನಾನು ತಡೆದೆ. ಆ ಇಬ್ಬರ ಫಿಲ್ಮುಗಳನ್ನು, ಬಾಯಿ ಬಿಟ್ಟ ಸಂದುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಆಮೇಲೆ, “ಹೌದಪಾ,” ಅಂದೆ.

ಚರ್ಮದ ಹಲಗೆ ಬಡಿಯುವ ಸದ್ದು ಶುರುವಾಯಿತು. ಅವನು ಎದ್ದು ಅಲಾಯಿ ಕುಣಿಯ ಹತ್ತಿರ ಹೋಗಿ, ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಹಿಂದಿನ ಇಪ್ಪತ್ತು ಜನವೂ ಬಗ್ಗಿದರು. ಕುಣಿಯ ಅಂಚಿನಿಂದ ಎರಡು ಮಾರು ದೂರ ಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದರು. ಅದು ಈ ವರ್ಷದ ಹೊಸ ಪದ್ಧತಿಯಂತೆ, ಅದರ ಒಳಗೆ ಯಾರೂ ಹೆಜ್ಜೆ ಇಡುವಂತಿಲ್ಲ. ಅವನು ಪದ ಎತ್ತಿ, ಕರವಸ್ತ್ರ ಬೀಸಿ, ಮೇಲಕ್ಕೆ ಹಾರಿದ. ಡಾಕ್ಟರು ನನ್ನ ಪಕ್ಕದಲ್ಲಿ ಬಂದು ನಿಂತದ್ದೂ ನನಗೆ ಗೊತ್ತಾಗಲಿಲ್ಲ. ಇಡೀ ಊರು ಅವನ ಕುಣಿತ ನೋಡುತ್ತಿತ್ತು, ನಾನೊಬ್ಬಳು ಎಡಗಾಲು ನೋಡುತ್ತಿದ್ದೆ. ಅದು ಬೆರಳ ಮೇಲೆ ಇಳಿಯಿತು, ಮೈಭಾರ ಹೊತ್ತಿತು, ಗರ್ರನೆ ತಿರುಗಿತು, ಮತ್ತೆ ನೆಲ ಬಿಟ್ಟು ಮೇಲೆದ್ದಿತು.